ನಾಲ್ಕು ದಿನ ಅಲ್ಲಿ, ಮೂರು ದಿನ ಇಲ್ಲಿ

ಬೆಳಗಾವಿ
೯ ಜೂನ್ ೧೯೮೧

ಯಜಮಾನರಿಗೆ ಕಾಶವ್ವನ ಶರಣು.

ರವಿವಾರ ಊರಿಂದ ಮರಳುವಾಗ ಬಸ್ಸು ಮಚ್ಛೆಯ ಹತ್ತಿರ ಕೆಟ್ಟು ನಿಂತಿತ್ತು. ಆದರೂ ಕತ್ತಲಾಗುವ ಮೊದಲೇ ಆಸ್ಪತ್ರೆಯ ಕ್ವಾರ್ಟರ್ಸ್ ಮುಟ್ಟಿದೆ.

ಇಲ್ಲಿ ಹೊಸ ಸುದ್ದಿ ಇದೆ. ಮಿರಜಿನಿಂದ ಬಂದಿರುವ ಹೊಸ ಮೇಟ್ರನ್ ಬಾಯಿ ನಮ್ಮ ಪಾಳಿ ಬದಲಿಸುವ ವಿಚಾರದಲ್ಲಿದ್ದಾರೆ. ಈಗ ದಿನಕ್ಕೆ ಎಂಟು ತಾಸಿನಂತೆ ಆರು ದಿನ ದುಡಿಯುತ್ತೇವೆ, ಒಂದು ದಿನ ರಜೆ. ಇನ್ನು ಮೇಲೆ ದಿನಕ್ಕೆ ಹನ್ನೆರಡು ತಾಸು, ಆದರೆ ನಾಲ್ಕೇ ದಿನ. ಉಳಿದ ಮೂರು ದಿನ ಬಿಡುವು. ಡಿಸೆಂಬರದವರೆಗೆ ನಮ್ಮ ಸರ್ಜರಿ ವಾರ್ಡಿನಲ್ಲಿ ಹೀಗೆ ಮಾಡಿ ನೋಡುವುದು, ಆಮೇಲೆ ಎಲ್ಲರ ಅಭಿಪ್ರಾಯ ಕೇಳಿ ಯಾವುದಾದರೊಂದನ್ನು ಕಾಯಂ ಮಾಡುವುದು ಎಂದಿದ್ದಾರೆ. ಮನಸ್ಸಿಲ್ಲದವರು ಬೇರೆ ವಾರ್ಡಿಗೆ ಹೋಗಬಹುದು.

ನನ್ನ ಜೊತೆ ತರಬೇತಿ ಮುಗಿಸಿದ ಮಾಯಕ್ಕ ಕೂಡಲೇ ಹೆಸರು ಕೊಟ್ಟಳು. ಅವಳ ಎರಡೂ ಮಕ್ಕಳು ಹಿರೇಬಾಗೇವಾಡಿಯಲ್ಲಿ ಅವಳ ತಾಯಿಯ ಹತ್ತಿರ ಬೆಳೆಯುತ್ತಿವೆ. "ಈಗ ವಾರಕ್ಕೊಮ್ಮೆ ಹೋದ್ರ ಹುಡುಗೂರು ನಮ್ಮವ್ವನ ಸೆರಗ ಹಿಡಕೊಂಡು ನನ್ನ ನೋಡತಾವ. ಮೂರು ದಿನ ಇದ್ರ ಗುರ್ತರ ಹಿಡೀತಾವ," ಎಂದಳು.

ನಾನು ಇನ್ನೂ ಹೇಳಿಲ್ಲ. ಸೇರಿದರೆ ಶುಕ್ರವಾರ ಬೆಳಿಗ್ಗೆ ಬಂದು ರವಿವಾರ ಸಂಜೆಯವರೆಗೆ ಮನೆಯಲ್ಲಿರಬಹುದು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾವು ಹಾಗೆ ಇದ್ದದ್ದು ರಜೆ ಕೂಡಿಸಿಟ್ಟುಕೊಂಡಾಗ ಮಾತ್ರ. ಶಿವರಾತ್ರಿಯ ಹೊತ್ತಿಗೆ ಅತ್ತೆಯವರಿಗೆ ಲಕ್ವ ಹೊಡೆದ ಮೇಲೆ ಮನೆಯ ಸ್ಥಿತಿಯೂ ಬೇರೆಯಾಗಿದೆ. ನಿಮ್ಮ ವಿಚಾರ ತಿಳಿಸಿರಿ.

ನೀವು ಶಾಲೆಗೆ ಹೋದಾಗ ಬಾಜು ಮನೆಯ ಅಕ್ಕವ್ವ ಅತ್ತೆಯವರನ್ನು ಎರಡು ತಾಸಿಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸುವಂತೆ ನೆನಪು ಕೊಡಿರಿ. ಒಂದೇ ಮಗ್ಗುಲಿಗೆ ಬಿಡಬಾರದು.

ಇಂತು,
ಕಾಶವ್ವ


ಖಾನಾಪುರ
೧೨ ಜೂನ್ ೧೯೮೧

ಸೌ. ಕಾಶವ್ವಳಿಗೆ,

ನಿನ್ನ ಪತ್ರ ಮುಟ್ಟಿತು. ವಿಚಾರ ಮಾಡುವಂಥದ್ದೇನಿದೆ? ಸೇರಿಕೊ. ಅವ್ವನಿಗೆ ಓದಿ ಹೇಳಿದೆ. ಮಾತು ಇನ್ನೂ ತೊದಲುತ್ತದೆ, ಆದರೆ ಇದನ್ನು ಸ್ಪಷ್ಟವಾಗಿಯೇ ಹೇಳಿದಳು: "ಅಕಿ ಬಂದ್ರ ನನ್ನ ಸೊಂಟಕ್ಕ ಒಂದೀಟು ಸುಖಾ."

ನನಗೂ ಅನುಕೂಲ. ಗಣಪತಿ ಹಬ್ಬಕ್ಕೆ ನಮ್ಮ ಓಣಿಯವರು ನಾಟಕ ಹಾಕುತ್ತಿದ್ದಾರೆ, ಹಾರ್ಮೋನಿಯಂ ನನ್ನ ಪಾಲಿಗೆ ಬಂದಿದೆ. ಶಿವರಾತ್ರಿಯಿಂದ ಪೆಟ್ಟಿಗೆಯ ಮುಚ್ಚಳ ತೆಗೆದಿರಲಿಲ್ಲ. ನೀನು ಇರುವ ಮೂರು ದಿನ ಸಂಜೆ ತಾಲೀಮಿಗೆ ಹೋಗಿ ಬರಬಹುದು.

ಅಕ್ಕವ್ವನಿಗೂ ಹೇಳಿದ್ದೇನೆ. "ಬಾಳ ಚಲೋ ಆತು ಮಾಸ್ತರ, ನನಗೂ ನನ್ನ ಮನಿ ಕೆಲಸ ಅದಾವ," ಎಂದಳು.

ಗುರುಪುತ್ರಪ್ಪ


ಬೆಳಗಾವಿ
೨೭ ಜುಲೈ ೧೯೮೧

ಯಜಮಾನರಿಗೆ,

ಈ ಪತ್ರ ಬರೆಯುವ ಅಗತ್ಯವಿರಲಿಲ್ಲ. ನಿನ್ನೆಯವರೆಗೆ ಅಲ್ಲಿಯೇ ಇದ್ದೆ. ಆದರೆ ನೀವು ಶುಕ್ರವಾರ, ಶನಿವಾರ ತಾಲೀಮಿಗೆ ಹೋಗಿದ್ದಿರಿ, ನಿನ್ನೆ ನಾಟಕ ಮಂಡಳಿಯವರು ಮನೆಗೆ ಬಂದಿದ್ದರು. ವಾರ್ಡಿನ ಸುದ್ದಿ ಹೇಳುವುದು ಹಾಗೆಯೇ ಉಳಿಯಿತು.

ಉದ್ದ ಪಾಳಿ ನಾನು ಅಂದುಕೊಂಡದ್ದಕ್ಕಿಂತ ಒಳ್ಳೆಯದಿದೆ. ಹಣಮಪ್ಪ ಎಂಬ ಮುದುಕನಿಗೆ ಕರುಳಿನ ಆಪರೇಶನ್ ಆಗಿದೆ. ಹೋದ ಬುಧವಾರ ಬೆಳಿಗ್ಗೆ ಅವನ ಹೊಟ್ಟೆ ಮೆತ್ತಗಿತ್ತು. ಮಧ್ಯಾಹ್ನ ಕೈಯಿಟ್ಟಾಗ ಸ್ವಲ್ಪ ಬಿಗಿ ಎನಿಸಿತು. ಸಂಜೆ ಇನ್ನಷ್ಟು ಬಿಗಿಯಾಗಿತ್ತು. ಡಾಕ್ಟರರನ್ನು ಕರೆಸಿದೆ, ಅವನನ್ನು ಮತ್ತೆ ಆಪರೇಶನ್ನಿಗೆ ಒಯ್ದರು. ಈಗ ಗಂಜಿ ಕುಡಿಯುತ್ತಿದ್ದಾನೆ. ಎಂಟು ತಾಸಿನ ಪಾಳಿಯಾಗಿದ್ದರೆ ನಾನು ಮಧ್ಯಾಹ್ನವೇ ಚಾರ್ಜ್ ಕೊಟ್ಟು ಹೋಗಿರುತ್ತಿದ್ದೆ. ಬಂದವಳಿಗೆ ಅವನ ಬೆಳಗಿನ ಹೊಟ್ಟೆ ಹೇಗಿತ್ತು ಎಂಬುದು ಕೈಗೆ ಗೊತ್ತಿರುತ್ತಿರಲಿಲ್ಲ. ಇದನ್ನು ಮೇಟ್ರನ್ ಬಾಯಿ ಎಲ್ಲರ ಮುಂದೆ ಹೇಳಿದರು. ಮಾಯಕ್ಕ ನನಗಿಂತ ಹೆಚ್ಚು ಹಿಗ್ಗಿದಳು.

ನಾಲ್ಕು ಗಂಟೆಯ ಮೇಲೆ ಕಾಲು ಬಾತುಕೊಳ್ಳುತ್ತವೆ. ಅದು ರೂಢಿಯಾಗುತ್ತದೆ ಎನ್ನುತ್ತಾರೆ.

ಅತ್ತೆಯವರ ಸೀರೆ, ದುಪ್ಪಟಿ ಒಗೆದು ಹಿತ್ತಲಲ್ಲಿ ಹಾಕಿದ್ದೇನೆ. ಒಣಗಿದ ಮೇಲೆ ತೆಗೆಯಿರಿ. ಜೋಳದ ನುಚ್ಚು ಎರಡು ದಿನಕ್ಕಾಗುವಷ್ಟು ಕುದಿಸಿಟ್ಟಿದ್ದೇನೆ. ಮುಂದಿನ ಸಲ ಹಾಸಿಗೆ ಬಿಚ್ಚಿ ಹತ್ತಿ ಹಿಂಜಿಸಬೇಕು.

ನಿಮ್ಮ,
ಕಾಶವ್ವ


ಖಾನಾಪುರ
೧೬ ಸೆಪ್ಟೆಂಬರ್ ೧೯೮೧

ಸೌ. ಕಾಶವ್ವಳಿಗೆ,

ನಾಟಕ ಚೆನ್ನಾಯಿತು. ಮರಾಠಿ ಮಂಡಳಿಯವರೂ ಬಂದು ಕುಳಿತು ಕೇಳಿದರು. ದೀಪಾವಳಿಗೆ ಇನ್ನೊಮ್ಮೆ ಆಡಿಸಬೇಕು ಎನ್ನುತ್ತಿದ್ದಾರೆ.

ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ, ಅವ್ವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ನೀನು ರವಿವಾರ ಹೋದ ಮೇಲೆ ಅವಳು ಸೋಮವಾರ, ಮಂಗಳವಾರ ಸರಿಯಾಗಿ ಉಣ್ಣುವುದಿಲ್ಲ. ನಾನು ತುತ್ತು ಹಿಡಿದರೆ ಮುಖ ತಿರುಗಿಸುತ್ತಾಳೆ. ಅಕ್ಕವ್ವ ಬರುವುದನ್ನೇ ಬಿಟ್ಟಿದ್ದಾಳೆ. ಕೇಳಿದರೆ, "ಮನ್ಯಾಗ ನರ್ಸಬಾಯಿ ಸೊಸಿ ಅದಾಳ, ನನ್ನದೇನ ಕೆಲಸ?" ಎಂದಳು. ನೀನು ಇಲ್ಲದ ನಾಲ್ಕು ದಿನದ ಮಾತು ಅವಳ ತಲೆಗೆ ಹೋಗಲಿಲ್ಲ. ಶಾಲೆ ಬಿಡುವವರೆಗೆ ಅವ್ವ ಒಬ್ಬಳೇ ಇರುತ್ತಾಳೆ. ಮಧ್ಯಾಹ್ನ ಒಮ್ಮೆ ಬಂದು ಹೋಗುತ್ತೇನೆ.

ಅವಳ ಸೊಂಟದ ಕೆಳಗೆ ಅಂಗೈಯಷ್ಟು ಜಾಗ ಕೆಂಪಗಾಗಿದೆ. ನೀನು ಬಂದಾಗ ನೋಡು. ನಿನ್ನ ಮೇಟ್ರನ್‌ಗೆ ಹೇಳಿ ಇನ್ನೊಂದು ದಿನ ಹೆಚ್ಚು ರಜೆ ಸಿಗುತ್ತದೆಯೇ ಕೇಳು.

ಗುರುಪುತ್ರಪ್ಪ


ಬೆಳಗಾವಿ
೨೦ ಅಕ್ಟೋಬರ್ ೧೯೮೧

ಯಜಮಾನರಿಗೆ,

ಅತ್ತೆಯವರ ಹಾಸಿಗೆ ಹುಣ್ಣು ಈಗ ಬಾಯಿ ಬಿಟ್ಟಿದೆ. ಶುಕ್ರವಾರ ನಾನು ತೊಳೆದು ಕಟ್ಟಿದ್ದನ್ನು ನೀವು ಬಾಗಿಲಲ್ಲಿ ನಿಂತು ನೋಡಿದಿರಿ. ಹಾಗೆಯೇ ಮಾಡಬೇಕು. ಆರಿದ ಬಿಸಿನೀರಿನಲ್ಲಿ ಉಪ್ಪು ಹಾಕಿ ತೊಳೆಯಬೇಕು, ಒತ್ತಿ ಒರೆಸಬಾರದು. ಮುಖ್ಯವಾದದ್ದು ಔಷಧಿಯಲ್ಲ. ಆ ಜಾಗದ ಮೇಲೆ ಮೈಭಾರ ಬೀಳಬಾರದು.

ಇನ್ನೊಂದು ಸಂಗತಿ ಇದೆ. ಬೇರೆ ಯಾರಿಂದಲೋ ಕೇಳುವುದಕ್ಕಿಂತ ನಾನೇ ತಿಳಿಸುವುದು ಒಳ್ಳೆಯದು.

ನಿನ್ನೆ ಸೋಮವಾರ ಬೆಳಿಗ್ಗೆ ಸಾತಪ್ಪ ಎಂಬ ಹೊಸ ರೋಗಿಗೆ ಪೆನ್ಸಿಲಿನ್ ಆಗುತ್ತದೋ ಇಲ್ಲವೋ ಎಂದು ನಾನೇ ಟೆಸ್ಟ್ ಮಾಡಿದೆ. ಚುಚ್ಚಿದಲ್ಲಿ ಗಂಧೆಯಂತೆ ಉಬ್ಬಿತು. ಅವನಿಗೆ ಆ ಔಷಧಿ ಕೊಡಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದೆ. ಸಂಜೆ ಐದರ ಹೊತ್ತಿಗೆ ಅದೇ ಔಷಧಿಯನ್ನು ಸಿರಿಂಜಿನಲ್ಲಿ ಎಳೆದುಕೊಂಡು ಅವನ ಹಾಸಿಗೆಯ ಹತ್ತಿರ ನಿಂತಿದ್ದೆ. ಪಕ್ಕದ ಹಾಸಿಗೆಯವನಿಗೆ ಕೊಡಬೇಕಾದದ್ದು. ಸಾತಪ್ಪ ಅಂಗಿಯ ತೋಳು ಮಡಿಚಿಕೊಂಡು ಕೈ ಚಾಚಿದ್ದ. ಸ್ಪಿರಿಟ್ಟಿನ ಹತ್ತಿ ಒರೆಸಿಯೂ ಆಗಿತ್ತು.

ಮಾಯಕ್ಕ ಹಿಂದಿನಿಂದ, "ಕಾಶವ್ವಾ, ಅದು ಯಾರದು?" ಎಂದಳು. ಮೆಲ್ಲಗೇ ಕೇಳಿದಳು. ಆಗ ನೋಡಿಕೊಂಡೆ.

ಯಾರಿಗೂ ಏನೂ ಆಗಲಿಲ್ಲ. ಸಾತಪ್ಪನಿಗೆ ತಿಳಿಯಲೂ ಇಲ್ಲ. "ಸೂಜಿ ಇಲ್ಲೇನ್ರಿ ಬಾಯಾರ?" ಎಂದು ಕೇಳಿ, ಇಲ್ಲವೆಂದಾಗ ಖುಷಿಯಿಂದ ತೋಳು ಇಳಿಸಿಕೊಂಡ. ಅದನ್ನು ಚುಚ್ಚಿದ್ದರೆ ಅವನು ಅಲ್ಲಿಯೇ ಹೋಗುವ ಸಂಭವವಿತ್ತು.

"ಯಾರಿಗೂ ಹೇಳಬ್ಯಾಡ, ಏನೂ ಆಗಿಲ್ಲಲಾ," ಎಂದು ಮಾಯಕ್ಕ ಹೇಳಿದಳು. ನಾನು ಹೋಗಿ ಮೇಟ್ರನ್ ಬಾಯಿಗೆ ಹೇಳಿದೆ. ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಇದು ನಾಲ್ಕನೆಯ ದಿನ ಆಗಿದ್ದರೆ ದಣಿವು ಅಂತಿದ್ದೆ. ಮೂರು ದಿನ ಮನೆಯಲ್ಲಿದ್ದು ಇವತ್ತೇ ಬಂದಿದ್ದೀ. ಮೊದಲನೆಯ ದಿನಾನೇ ಹೀಗ್ಯಾಕೆ?"

ನಾನು ವಾರ್ಡಿಗೆ ಮರಳಿ ಪಾಳಿ ಮುಗಿಸಿದೆ.

ಕಾಶವ್ವ


ಖಾನಾಪುರ
೨೪ ಅಕ್ಟೋಬರ್ ೧೯೮೧

ಸೌ. ಕಾಶವ್ವಳಿಗೆ,

ಸೂಜಿಯ ಸಂಗತಿ ಓದಿದೆ. ಏನೂ ಆಗಲಿಲ್ಲವಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನೆ ಶುಕ್ರವಾರ ಬೆಳಗಿನ ಬಸ್ಸಿಗೆ ನೀನು ಬರುತ್ತೀಯೆಂದು ಶಾಲೆಗೆ ತಡವಾಗಿ ಬರುವುದಾಗಿ ಹೇಳಿ ಕಳಿಸಿದ್ದೆ. ಅವ್ವ ಬಾಗಿಲ ಕಡೆಗೆ ಮುಖ ಮಾಡಿಸಿಕೊಂಡು ಮಲಗಿದ್ದಳು. ಹತ್ತರ ಬಸ್ಸಿಗೂ ಬರಲಿಲ್ಲ. ಇವತ್ತೂ ಬರಲಿಲ್ಲ. ಜ್ವರ ಬಂದಿದೆಯೇ? ಮುಂದಿನ ವಾರ ದೀಪಾವಳಿ.

ಗಾಯ ಕಟ್ಟಲು ಅಕ್ಕವ್ವನನ್ನು ಬೇಡಿಕೊಂಡು ಕರೆದು ತಂದೆ. ನೋಡಿದ ಕೂಡಲೇ ಸೆರಗು ಮೂಗಿಗೆ ಹಿಡಿದು ಹೊರಗೆ ಹೋದಳು. ಈಗ ಬಟ್ಟೆ ಮುಚ್ಚಿ ಬಿಟ್ಟಿದ್ದೇನೆ.

ಗುರುಪುತ್ರಪ್ಪ


ಬೆಳಗಾವಿ
೨೬ ಅಕ್ಟೋಬರ್ ೧೯೮೧

ಯಜಮಾನರಿಗೆ,

ಜ್ವರ ಬಂದಿರಲಿಲ್ಲ. ಶುಕ್ರವಾರ ಚೀಲ ತುಂಬಿಕೊಂಡು ಕೋಣೆಯಲ್ಲಿ ಕುಳಿತವಳು ಹಾಗೆಯೇ ಮಲಗಿಬಿಟ್ಟೆ. ಎದ್ದಾಗ ಸಂಜೆಯಾಗಿತ್ತು. ಶನಿವಾರವೂ ಮಲಗಿದೆ. ರವಿವಾರ ತಲೆಗೆ ಎರೆದುಕೊಂಡು, ಖಡೇಬಜಾರಕ್ಕೆ ಹೋಗಿ ಏನೂ ಕೊಳ್ಳದೆ ತಿರುಗಾಡಿ ಬಂದೆ. ಬರುವುದಿಲ್ಲವೆಂದು ತಿಳಿಸಬೇಕಿತ್ತು, ತಿಳಿಸಲಿಲ್ಲ.

ಇಂದು ವಾರ್ಡಿನಲ್ಲಿ ಕೈ ಚುರುಕಾಗಿತ್ತು.

ಗಾಯವನ್ನು ತೊಳೆಯದೆ ಮುಚ್ಚಿ ಬಿಡಬಾರದು. ದೀಪಾವಳಿಗೆ ಬರುತ್ತೇನೆ.

ಕಾಶವ್ವ


ಬೆಳಗಾವಿ
೨೨ ಡಿಸೆಂಬರ್ ೧೯೮೧

ಯಜಮಾನರಿಗೆ,

ಕಳೆದ ಎರಡು ತಿಂಗಳು ಪ್ರತಿ ಶುಕ್ರವಾರ ತಪ್ಪದೆ ಬಂದೆ. ಅತ್ತೆಯವರ ಗಾಯ ನಾನಿದ್ದಾಗ ಮಾಯುವ ಗಾಯದಂತೆ ಸ್ವಲ್ಪ ಕೆಂಪಗೆ ಚೊಕ್ಕಟವಾಗುತ್ತದೆ, ಮತ್ತೆ ಬರುವ ಹೊತ್ತಿಗೆ ಮೊದಲಿನ ಹಾಗೆ ಆಗಿರುತ್ತದೆ. ನಿಮಗೂ ಇದು ಕಾಣುತ್ತಿದೆ.

ನಿನ್ನೆ ಎಲ್ಲರ ಅಭಿಪ್ರಾಯ ತೆಗೆದುಕೊಂಡರು. ನಾನು ಎಂಟು ತಾಸಿನ ಪಾಳಿ ಬೇಕೆಂದೆ. ಬಹಳ ಮಂದಿ ಹನ್ನೆರಡೇ ಇರಲಿ ಎಂದರು. ಹಣಮಪ್ಪನ ವಿಷಯ ಎತ್ತಿ ಹೇಳಿದವರೂ ಇದ್ದರು, ಅದು ಖರೆಯೂ ಹೌದು. ಮೇಟ್ರನ್ ಬಾಯಿ ನನಗೆ ಕಾರಣ ಹೇಳೆಂದರು. ಸಾತಪ್ಪನ ಸಂಗತಿಯನ್ನು ಎಲ್ಲರ ಮುಂದೆ ಹೇಳಿದೆ. ಮೂರು ದಿನ ಬಿಟ್ಟರೂ ನಮ್ಮಲ್ಲಿ ಯಾರೂ ಕೂತು ಉಣ್ಣುವವರಲ್ಲ, ಮನೆಗೆ ಹೋಗಿ ಇನ್ನೊಂದು ಡ್ಯೂಟಿ ಮಾಡುವವರೇ; ವಾರ್ಡಿಗೆ ಮರಳುವಾಗ ದಣಿದೇ ಬರುತ್ತೇವೆ, ಆ ಮೇಲೆ ಹನ್ನೆರಡು ತಾಸು ನಿಲ್ಲುತ್ತೇವೆ ಎಂದೆ. ಹೆಚ್ಚು ಮಂದಿ ಏನೇ ಅನ್ನಲಿ, ರೋಗಿಯ ಜೀವಕ್ಕೆ ಅಪಾಯ ಬೇಡ, ಜನವರಿಯಿಂದ ಎಂಟು ತಾಸು ಎಂದು ಮೇಟ್ರನ್ ಬಾಯಿ ತೀರ್ಮಾನ ಮಾಡಿದರು.

ಹೊರಗೆ ಬಂದಾಗ ಮಾಯಕ್ಕ ನಿಂತಿದ್ದಳು. "ನನ್ನ ಸಣ್ಣ ಹುಡುಗ ಹೋದ ವಾರ ನನ್ನ ಬಾಜೂಕ ಮಲಗಿದ್ದ. ತಾನ ಬಂದು ಮಲಗಿದ್ದ," ಎಂದಳು.

"ಆ ದಿನ ನೀನು ನೋಡದಿದ್ರ ಒಬ್ಬ ಮನಷ್ಯಾ ಸಾಯತಿದ್ದ, ಮಾಯಕ್ಕಾ."

"ನೋಡಿದ್ನಲ್ಲ. ಅದಕ್ಕ ನೀ ನನಗ ಕೊಟ್ಟಿದ್ದು ಇದು." ಹೊರಡುತ್ತ ಹೇಳಿದಳು: "ನಿನಗ ನಿನ್ನ ಮನಿ ಬ್ಯಾಡಾಗೇತಿ. ನನಗ ನನ್ನ ಮನಿ ಬೇಕಾಗಿತ್ತು."

ಅವಳು ಹೇಳಿದ್ದು ಸುಳ್ಳೆಂದು ನನಗೆ ಹೇಳಲಾಗಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಇನ್ನು ವಾರಕ್ಕೆ ರವಿವಾರ ಒಂದೇ ದಿನ ಬರುತ್ತೇನೆ. ಆ ದಿನ ಗಾಯ ಕಟ್ಟುವುದಿಲ್ಲ, ಹಾಸಿಗೆ ಒಗೆಯುವುದಿಲ್ಲ. ಇದನ್ನು ಸಿಟ್ಟಿನಿಂದ ಬರೆದಿಲ್ಲ. ವಾರಕ್ಕೆ ಮೂರು ದಿನ ಮಾಡಿದ್ದರಿಂದ ಅತ್ತೆಯವರಿಗೆ ಗುಣವಾಗಲಿಲ್ಲ, ಒಂದು ದಿನ ಮಾಡುವುದರಿಂದ ಆಗುವುದೂ ಇಲ್ಲ. ದಿನಾಲೂ ಇರುವವರು ದಿನಾಲೂ ಮಾಡಬೇಕು. ದಿನಾಲೂ ಇರುವವರು ನೀವು. ಕ್ರಿಸ್‌ಮಸ್ ಸೂಟಿಯಲ್ಲಿ ನಾನಿರುವಾಗ ನನ್ನ ಬಾಜುವಿಗೆ ಕುಳಿತು ಕಲಿಯಿರಿ. ಬಾಗಿಲಲ್ಲಿ ನಿಂತರೆ ಕಾಣುವುದಿಲ್ಲ.

ನಿಮ್ಮ,
ಕಾಶವ್ವ


ಖಾನಾಪುರ
೨ ಜನವರಿ ೧೯೮೨

ಸೌ. ಕಾಶವ್ವಳಿಗೆ,

ನೀನು ಇದ್ದಾಗ ಈ ಮಾತು ಎತ್ತಲಿಲ್ಲ. ನಿನ್ನ ಬಾಜುವಿಗೆ ಕುಳಿತೆ, ನೋಡಿದೆ, ಅಷ್ಟಾಯಿತು. ಈಗ ಬರೆಯುತ್ತೇನೆ. ಹೆಣ್ಣುಮಗಳ ಮೈ, ಅದರಲ್ಲೂ ತಾಯಿಯ ಮೈ, ಮಗನಾದವನು ತೊಳೆಯುವುದೆಂದರೆ ಸುಲಭವಲ್ಲ. ಅವ್ವನೂ ಒಪ್ಪುವುದಿಲ್ಲ. ನೀನು ಆಸ್ಪತ್ರೆಯಲ್ಲಿ ಗುರುತಿಲ್ಲದ ಗಂಡಸರ ಮೈ ತೊಳೆಯುತ್ತೀ, ನಿನಗೆ ಅದು ಕೆಲಸ. ಎಲ್ಲರಿಗೂ ಹಾಗಲ್ಲ.

ನೀನು ನನ್ನನ್ನು ಕೇಳಿ ಸೇರಿದೆ, ಕೇಳದೆ ಬಿಟ್ಟೆ. ಮಾಯಕ್ಕ ಹೇಳಿದ ಮಾತನ್ನು ಎರಡು ಸಲ ಓದಿದೆ.

ಗುರುಪುತ್ರಪ್ಪ


ಖಾನಾಪುರ
೨೫ ಫೆಬ್ರುವರಿ ೧೯೮೨

ಸೌ. ಕಾಶವ್ವಳಿಗೆ,

ಏಳೆಂಟು ವಾರ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನೀನು ಪ್ರತಿ ರವಿವಾರ ಬಂದು ಹೋದೆ. ನಾವು ಅಡುಗೆಯ ಮಾತು, ಬಸ್ಸಿನ ಮಾತು ಆಡಿದೆವು. ಇಲ್ಲಿ ನಡೆದದ್ದನ್ನು ನೀನು ಸ್ವಲ್ಪ ಕಂಡಿದ್ದೀ. ಹೇಗೆ ಶುರುವಾಯಿತೆಂದು ಹೇಳಿಲ್ಲ.

ಜನವರಿಯ ಎರಡನೆಯ ವಾರ ಒಂದು ದಿನ ಶಾಲೆಯಿಂದ ಬಂದಾಗ ಅವ್ವ ಅಳುತ್ತಿದ್ದಳು. ಲಕ್ವ ಹೊಡೆದಾಗಲೂ ಅತ್ತಿರಲಿಲ್ಲ. ಆ ದಿನ ಮಧ್ಯಾಹ್ನ ನನಗೆ ಬರಲು ಆಗಿರಲಿಲ್ಲ; ಅಲ್ಲಿಯವರೆಗೆ ಒಳ್ಳೆಯ ಕೈಯಿಂದ ತಾನೇ ಹೇಗೋ ಸುಧಾರಿಸಿಕೊಳ್ಳುತ್ತಿದ್ದವಳು ಮುಂಜಾನೆಯಿಂದ ಹೊಲಸಿನಲ್ಲಿಯೇ ಮಲಗಿದ್ದಳು. ನಾನು ಅಕ್ಕವ್ವನನ್ನು ಕರೆಯಲು ಹೊರಟೆ. ಬಾಗಿಲವರೆಗೆ ಹೋದವನು, ಅವಳು ಬಂದು ಮೂಗು ಮುಚ್ಚಿಕೊಂಡು ನಿಲ್ಲುವುದು ಕಣ್ಣಿಗೆ ಕಟ್ಟಿ, ಹಿಂದೆ ಬಂದೆ. ನೀರು ಕಾಯಿಸಿದೆ.

ಅವ್ವ ಒಳ್ಳೆಯ ಕೈಯಿಂದ ಸೀರೆ ಬಿಗಿ ಹಿಡಿದಿದ್ದಳು. ನಾನು ಮುಖ ಆ ಕಡೆ ತಿರುಗಿಸಿಕೊಂಡು ಬಟ್ಟೆ ಎಳೆಯುತ್ತಿದ್ದೆ. ಕೈ ಎಲ್ಲೋ ಹೋಗುತ್ತಿತ್ತು, ಅವಳಿಗೆ ನೋವಾಗುತ್ತಿತ್ತು. ಕೊನೆಗೆ ಅವಳೇ ಹಿಡಿತ ಬಿಟ್ಟಳು.

"ನೋಡಿ ಮಾಡೋ," ಎಂದಳು. "ಹಡದಾಕಿ ನಾನು. ಮಗ್ಗಲಾ ಹೊಳ್ಳಸು, ನೋಡಿ ತೊಳಿ."

ನೋಡಿ ತೊಳೆದೆ. ಗಾಯ ಅಷ್ಟು ಆಳವಿದೆಯೆಂದು ನನಗೆ ಗೊತ್ತಿರಲಿಲ್ಲ. ನಿನ್ನ ಬಾಜುವಿಗೆ ಕುಳಿತಾಗಲೂ ನಾನು ಗೋಡೆ ನೋಡುತ್ತಿದ್ದೆ.

ಅಂದಿನಿಂದ ಶಾಲೆಗೆ ಹೋಗುವ ಮುಂಚೆ, ಮಧ್ಯಾಹ್ನ, ಸಂಜೆ ನಾನೇ ಮಾಡುತ್ತಿದ್ದೇನೆ. ಅಕ್ಕವ್ವ ನಡುವೆ ಬಂದು ಮಗ್ಗುಲು ಮಾತ್ರ ಬದಲಿಸುತ್ತಾಳೆ; ನಾನು ಮಾಡುವುದನ್ನು ಕಂಡ ಮೇಲೆ ಆಕೆ ತಾನಾಗಿಯೇ ಬಂದಳು. ಗಾಯದ ಅಂಚು ಒಳಗೆ ಸರಿದು ಗಾಯ ಸಣ್ಣದಾಗುತ್ತಿದೆ. ಅವ್ವ ನನ್ನ ಕೈಯಿಂದ ಉಣ್ಣುತ್ತಾಳೆ. ಉಣ್ಣುವಾಗ ಬೈಯುತ್ತಾಳೆ, ಸಾರಿಗೆ ಉಪ್ಪಿಲ್ಲವೆಂದು.

ಹಾರ್ಮೋನಿಯಂ ಈಗ ಮನೆಯಲ್ಲಿಯೇ ಬಾರಿಸುತ್ತೇನೆ. ಮಂಡಳಿಯವರು ಬೇರೊಬ್ಬನನ್ನು ನೋಡಿಕೊಂಡರು. ಬೇಸರವಾಯಿತು. ಆಗಲಿಲ್ಲವೆಂದು ಹೇಳಲಾರೆ.

ಒಂದು ಮಾತು ಕೇಳಬೇಕು, ಎದುರಿಗೆ ಕೇಳಲು ಬಾಯಿ ಬರುವುದಿಲ್ಲ. ಮಾಯಕ್ಕ ಹೇಳಿದ್ದು ಈಗಲೂ ಖರೆಯೇ?

ಗುರುಪುತ್ರಪ್ಪ


ಬೆಳಗಾವಿ
೧೫ ಮಾರ್ಚ್ ೧೯೮೨

ಯಜಮಾನರಿಗೆ ಶರಣು.

ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲು ತಡವಾಯಿತು. ಎರಡು ಸಲ ಬರೆದು ಹರಿದೆ.

ಮೊದಲು ಇಲ್ಲಿಯದು. ಮಾಯಕ್ಕನಿಗೆ ರವಿವಾರದ ಜೊತೆಗೆ ಶನಿವಾರವೂ ಮನೆಗೆ ಹೋಗಲು ಆಗಲೆಂದು ಅವಳ ಶನಿವಾರದ ಪಾಳಿಯನ್ನು ನಾನು ಮಾಡುತ್ತೇನೆ, ನನ್ನದೊಂದನ್ನು ಅವಳು ವಾರದ ನಡುವೆ ಮಾಡುತ್ತಾಳೆ. ಮೇಟ್ರನ್ ಬಾಯಿ ಒಪ್ಪಿದ್ದಾರೆ. ಇದನ್ನು ಹೇಳಲು ಹೋದಾಗ ಮಾಯಕ್ಕ, "ಆತು," ಎಂದಳು. ಅಷ್ಟೇ. ಚಾರ್ಜ್ ಕೊಡುವಾಗ ರೋಗಿಗಳ ಬಗ್ಗೆ ಎಲ್ಲವನ್ನೂ ಸರಿಯಾಗಿ ಹೇಳುತ್ತಾಳೆ. ಬೇರೆ ಮಾತಿಲ್ಲ. ಮುಂಚೆ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು.

ನಿನ್ನೆ ನಸುಕಿನ ಬಸ್ಸಿಗೆ ಬಂದವಳು ಅಲ್ಲಿ ಬಿಸಿಲೇರುವವರೆಗೂ ಮಲಗಿದ್ದೆ. ನೀವು ಎಬ್ಬಿಸಲಿಲ್ಲ. ಎಚ್ಚರವಾದಾಗ ಒಳಕೋಣೆಯಿಂದ ನೀರಿನ ಸಪ್ಪಳ, ನಿಮ್ಮಿಬ್ಬರ ಮಾತು ಕೇಳುತ್ತಿತ್ತು. ಅತ್ತೆಯವರು, "ಮೆಲ್ಲಕ, ಮೆಲ್ಲಕ," ಎನ್ನುತ್ತಿದ್ದರು. ನೀವು, "ಆತ ತಡಿ, ಈ ಬಾಜೂ ಒಂದ ಉಳದೈತಿ," ಎಂದಿರಿ. ಆಮೇಲೆ ನಿಮ್ಮ ಅಜ್ಜನ ಎತ್ತಿನ ಸುದ್ದಿ ಬಂತು, ಇಬ್ಬರೂ ನಕ್ಕಿರಿ. ಅತ್ತೆಯವರ ನಗೆ ನಾನು ಒಂದು ವರ್ಷದಿಂದ ಕೇಳಿರಲಿಲ್ಲ.

ಎದ್ದು ಬರಬೇಕೆಂದುಕೊಂಡೆ. ಬಂದಿದ್ದರೆ ನೀವು ಎದ್ದು ಜಾಗ ಬಿಡುತ್ತಿದ್ದಿರಿ, ನಾನು ಕುಳಿತು ಕಟ್ಟು ಹಾಕುತ್ತಿದ್ದೆ. ಬರಲಿಲ್ಲ. ಹಾಸಿಗೆಯಲ್ಲಿಯೇ ಇದ್ದೆ. ನನಗೆ ಹಗುರವೆನಿಸಿತು. ಸ್ವಲ್ಪ ಸಂಕಟವೂ ಆಯಿತು. ಆ ಮನೆಗೆ ನಾನು ಮದುವೆಯಾಗಿ ಬಂದಾಗಿನಿಂದ ಕೈಯಲ್ಲಿ ಏನಾದರೊಂದು ಕೆಲಸ ಹಿಡಿದೇ ಒಳಗೆ ಬಂದವಳು. ಕೆಲಸವಿಲ್ಲದಿದ್ದರೆ ಅಲ್ಲಿ ಹೇಗೆ ಇರಬೇಕೆಂದು ತಿಳಿದಿಲ್ಲ. ಮೂರು ದಿನ ಸಿಕ್ಕಾಗಲೂ ಅದಕ್ಕೇ ಮೈಮೇಲೆ ಎಳೆದುಕೊಂಡು ಮಾಡಿದೆನೇನೋ. ನೀವು ಸಂಜೆ ಹೊರಗೆ ಹೋದದ್ದಕ್ಕೂ ಅದೇ ಕಾರಣವಿರಬಹುದು. ನನಗೆ ಗೊತ್ತಿಲ್ಲ.

ಮಾಯಕ್ಕ ಹೇಳಿದ್ದು ಆ ದಿನ ಖರೆ. ಈಗ ಹೇಗೆಂದು ಇದ್ದು ನೋಡಬೇಕು.

ಏಪ್ರಿಲ್ ಕೊನೆಗೆ ನನಗೆ ಒಂದು ವಾರದ ರಜೆ ಇದೆ. ಬರುತ್ತೇನೆ. ಆ ವಾರ ಅತ್ತೆಯವರ ಕೆಲಸ ನೀವೇ ಮಾಡಿರಿ. ನಾನು ಅವರ ಹತ್ತಿರ ಕುಳಿತುಕೊಳ್ಳುತ್ತೇನೆ. ಮುಗಿದ ಮೇಲೆ ಒಂದು ಸಂಜೆ ಅಕ್ಕವ್ವನನ್ನು ಮನೆಯಲ್ಲಿರಲು ಹೇಳಿರಿ, ಇಬ್ಬರೂ ಮಲಪ್ರಭೆಯವರೆಗೆ ನಡೆದು ಬರೋಣ. ನಾನು ಆ ಹೊಳೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡುತ್ತ ಬಂದಿದ್ದೇನೆ.

ನಿಮ್ಮ,
ಕಾಶವ್ವ